ವಾಯುಪೂರಣ ಮೀಮಾಂಸೆ: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಪಂಥಗಳ ತೌಲನಿಕ ಅಧ್ಯಯನ

1. ವಿಷಯ ಪ್ರವೇಶ

ಹಬ್ಬದ ಹಿಂದಿನ ರಾತ್ರಿ ಬೆಂಗಳೂರು ತನ್ನ ಬಾಗಿಲುಗಳಿಂದ ಹೊರಗೆ ಸುರಿಯುತ್ತದೆ: ತುಮಕೂರು ರಸ್ತೆಯಲ್ಲಿ ನೆಲಮಂಗಲ, ಹೊಸೂರು ರಸ್ತೆಯಲ್ಲಿ ಅತ್ತಿಬೆಲೆ, ಹಳೇ ಮದ್ರಾಸು ರಸ್ತೆಯಲ್ಲಿ ಹೊಸಕೋಟೆ. ಊರಿಗೆ ಹೊರಟ ಕಾರು ದಾರಿಯಲ್ಲಿ ಪೆಟ್ರೋಲ್ ಬಂಕಿನ ಮೂಲೆಗೆ ತಿರುಗಿದಾಗ, ಪೈಪು ಹಿಡಿದ ಹುಡುಗ ಬಗ್ಗಿದಲ್ಲಿಂದಲೇ ಕೇಳುತ್ತಾನೆ: "ಎಷ್ಟು ಹಾಕ್ಲಿ ಸಾರ್?" ಬ್ರಹ್ಮಸೂತ್ರಕ್ಕೆ ಭಾಷ್ಯದ ಮೇಲೆ ಭಾಷ್ಯವಿದೆ, ಈ ಮೂರು ಪದಗಳ ಸೂತ್ರಕ್ಕೆ ಒಂದು ಟಿಪ್ಪಣಿಯೂ ಇಲ್ಲ. ಆ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರಕಾರ್ಯವನ್ನು ಬಂಕುಗಳಲ್ಲಿ, ಪಂಚರ್ ಅಂಗಡಿಗಳಲ್ಲಿ ಮತ್ತು ಅವುಗಳ ನಡುವಿನ ಟ್ರಾಫಿಕ್ಕಿನಲ್ಲಿ ಕೈಗೊಳ್ಳಲಾಯಿತು. ಬಹುಪಾಲು ಸಮಯ ಮೂರನೆಯದರಲ್ಲೇ ಹೋಯಿತು.

2. ಪೂರ್ವಸೂರಿಗಳು

ಗಾಳಿ ತುಂಬಿದ ಚಕ್ರಕ್ಕೆ 1845ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಲೋಕ ಅವನನ್ನು ಮರೆಯಿತು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿ ಸೈಕಲ್ಲಿಗೆಂದು ಅದನ್ನೇ ಮತ್ತೆ ಕಂಡುಹಿಡಿದು 1888ರಲ್ಲಿ ಪೇಟೆಂಟ್ ಮಾಡಿಸಿದ. ಥಾಮ್ಸನ್ನನ ಹಳೇ ಕಾಗದ ಹೊರಬಂದ ಮೇಲೆ ಪೇಟೆಂಟು ಹೋಯಿತು, ಡನ್‌ಲಪ್ಪನ ಹೆಸರು ಉಳಿಯಿತು. ಇತ್ತ ವೈಟ್‌ಫೀಲ್ಡ್ 1882ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲಕ್ಕೆ, ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಹುಟ್ಟಿತು. 1882, 1888 ಎರಡನ್ನೂ ಪಕ್ಕಪಕ್ಕ ಇಟ್ಟರೆ, ವೈಟ್‌ಫೀಲ್ಡ್ ಟೈರಿನ ಚಿಂತೆಯಿಲ್ಲದೆ ಬಾಳಿದ್ದು ಬರೀ ಆರು ವರ್ಷ ಎಂಬುದು ಸಿದ್ಧವಾಗುತ್ತದೆ.

3. ಪಂಥಗಳು

ಪೀಣ್ಯ ಪಂಥ: ಲೇತು, ಪ್ರೆಸ್ಸು, ಕಂಪ್ರೆಸರುಗಳ ಈ ಸೀಮೆಯಲ್ಲಿ ಗಾಳಿಯೂ ಶಿಫ್ಟಿನಲ್ಲಿ ದುಡಿಯುತ್ತದೆ. ಹಳೇ ಕೈಗಳು ಒತ್ತಡವನ್ನು ಕೆಜಿಯಲ್ಲೇ ಹೇಳುತ್ತವೆ: "ಎರಡೂಕಾಲು ಕೆಜಿ ಹೊಡಿ, ಸಾಕು." ಚದರ ಸೆಂಟಿಮೀಟರಿಗೆ ಒಂದು ಕೆಜಿ ಎಂದರೆ 14.2 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡು), ಎರಡೂಕಾಲಿಗೆ 32. ಬಾಯಿಲೆಕ್ಕವೇ ಆದರೂ ಈ ಪಂಥವನ್ನು ಖಂಡಿಸುವುದು ಕಷ್ಟ.

ಎಲೆಕ್ಟ್ರಾನಿಕ್ ಸಿಟಿ ಪಂಥ: ಆಗಿನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಎಬ್ಬಿಸಿದ ಈ ಊರಿನದು ಶುದ್ಧ ಅದ್ವೈತ. ಮುಂದು-ಹಿಂದು, ಖಾಲಿ-ತುಂಬು ಎಂಬ ಭೇದವೆಲ್ಲ ಮಿಥ್ಯೆ; "ಎಲ್ಲಾದಕ್ಕೂ 35 ಹಾಕ್ಬಿಡಿ" ಎಂಬುದೊಂದೇ ಸತ್ಯ. ಈ 35ರ ಮೂಲ ಯಾವ ಗ್ರಂಥದಲ್ಲೂ ಸಿಗಲಿಲ್ಲ. ತಲೆಮಾರುಗಳು ಎಸ್ಸೆಸ್ಸೆಲ್ಸಿ ದಾಟಿದ್ದು ಇದೇ ಅಂಕದಲ್ಲಾದ್ದರಿಂದ, ಇಷ್ಟಿದ್ದರೆ ಪಾಸು ಎಂಬ ನಂಬಿಕೆ ಟೈರಿಗೂ ಇಳಿದಿರಬಹುದೆಂದು ಊಹಿಸಲಾಗಿದೆ.

ವೈಟ್‌ಫೀಲ್ಡ್ ಪಂಥ: ಬಂಕಿನ ಗಾಳಿ ಉಚಿತ, ಆದ್ದರಿಂದಲೇ ಇವರಿಗೆ ಅದರ ಮೇಲೆ ಗುಮಾನಿ. ಹಸಿರು ಕ್ಯಾಪು ಹಾಕಿಸಿ ನೈಟ್ರೋಜನ್ ತುಂಬಿಸುತ್ತಾರೆ. ಬಿಟ್ಟಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇರುವುದರಿಂದ, ದುಡ್ಡು ಕೊಟ್ಟು ಕೊಳ್ಳುವುದು ಉಳಿದ 22 ಪಾಲಿನ ಗೈರುಹಾಜರಿಯನ್ನು. ನೈಟ್ರೋಜನ್ ತುಸು ನಿಧಾನವಾಗಿ ಸೋರುತ್ತದೆ, ತೇವ ಕಡಿಮೆ, ಎಲ್ಲ ನಿಜ. ಆದರೆ ಬಿಸಿಗೆ ಅದೂ ಹಿಗ್ಗುತ್ತದೆ, ಅದನ್ನೂ ಅಳೆಯಬೇಕು.

4. ಪ್ರಮಾಣ ವಿಚಾರ

ನ್ಯಾಯಶಾಸ್ತ್ರ ಒಪ್ಪುವ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷವೆಂದರೆ ಚಪ್ಪಲಿ ಕಾಲಲ್ಲಿ ಟೈರನ್ನು ಒದ್ದು ನೋಡುವುದು. ರೇಡಿಯಲ್ ಟೈರಿನ ಪಕ್ಕೆ ಸರಿಯಾದ ಗಾಳಿಯಲ್ಲೂ ಕೊಂಚ ಉಬ್ಬಿಯೇ ಇರುವುದರಿಂದ 32 ಯಾವುದು, 26 ಯಾವುದು ಎಂದು ಕಣ್ಣಿಗೂ ತಿಳಿಯದು, ಕಾಲಿಗೂ ತಿಳಿಯದು. ಅನುಮಾನವೆಂದರೆ "ಮೈಲೇಜು ಇಳಿದಿದೆ, ಆದ್ದರಿಂದ ಗಾಳಿ ಕಮ್ಮಿ". ಎಸಿಯಿಂದಲೂ ಮೈಲೇಜು ಇಳಿಯುವುದರಿಂದ ಇದು ಹೇತ್ವಾಭಾಸ. ಉಪಮಾನವೆಂದರೆ "ನಮ್ಮ ಭಾವ ಅವರ ಗಾಡಿಗೆ 33 ಹಾಕಿಸ್ತಾರೆ." ಭಾವನ ಗಾಡಿ ಬೇರೆ, ಭಾವನ ತೂಕವೂ ಬೇರೆ.

ನಾಲ್ಕನೆಯದು ಶಬ್ದಪ್ರಮಾಣ, ಆಪ್ತವಾಕ್ಯ. ಕಾರು ಮಾಡಿದವರೇ ಅದನ್ನು ಬರೆದು ಚಾಲಕನ ಬಾಗಿಲ ಕಂಬಕ್ಕೋ ಪೆಟ್ರೋಲ್ ಮುಚ್ಚಳದ ಒಳಕ್ಕೋ ಅಂಟಿಸಿರುತ್ತಾರೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಇಬ್ಬರಿದ್ದರೆ ಎಷ್ಟು, ಜನ ಸಾಮಾನು ತುಂಬಿದ್ದರೆ ಎಷ್ಟು ಎಂದು ಎಷ್ಟೋ ಗಾಡಿಗಳಲ್ಲಿ ಬೇರೆಬೇರೆಯಾಗಿಯೇ ಕೊಟ್ಟಿರುತ್ತದೆ. ತುಂಬು ಭಾರದ ಸಾಲಿನಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರದ ಅಂಕಿ ಏರುತ್ತದೆ. ಟೈರು ಒದೆಯಲು ಬಾಗಿಲು ತೆರೆದು ಇಳಿಯುವ ಪ್ರತಿಯೊಬ್ಬನೂ ಈ ಬರಹವನ್ನು ಭುಜಕ್ಕೆ ತಾಗಿಸಿಕೊಂಡೇ ಹೋಗುತ್ತಾನೆ. ಹಲ್ಮಿಡಿ ಶಾಸನ ಓದಿದವರು ಬೇಕಾದರೆ ಸಿಕ್ಕಾರು, ಇದನ್ನು ಓದಿದವರು ಸಿಗುವುದು ಅಪರೂಪ. ಇನ್ನು ಕೆಲವರು ಓದುತ್ತಾರೆ, ಆದರೆ ಟೈರಿನ ಪಕ್ಕೆಯ ಮೇಲಿರುವ 44 ಅಥವಾ 51ನ್ನು. ಅದು ಟೈರು ತಡೆಯುವ ಗರಿಷ್ಠ ಮಿತಿ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಬಾಗಿಲ ಮೇಲಿನದು ವಿಧಿ, ಟೈರಿನ ಮೇಲಿನದು ನಿಷೇಧ.

5. ಶೀತೋಷ್ಣ ವಿಚಾರ

ವಿಧಿವಾಕ್ಯದ ಅಂಕಿ ತಣ್ಣನೆಯ ಟೈರಿಗೆ ಸಂಬಂಧಿಸಿದ್ದು. ಗಾಡಿ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಓಡಿದ್ದು ಒಂದೆರಡು ಕಿಲೋಮೀಟರಿಗಿಂತ ಹೆಚ್ಚಿರಬಾರದು. ಇಲ್ಲೊಂದು ಬೆಂಗಳೂರಿನ ವಿಶೇಷ ಸಮಸ್ಯೆ ಏಳುತ್ತದೆ. ಹೊರವರ್ತುಲ ರಸ್ತೆಯಲ್ಲಿ ಮುಕ್ಕಾಲು ಗಂಟೆ ಕಳೆದು ಬಂಕು ಮುಟ್ಟಿದ ಗಾಡಿಯ ಟೈರು ಬಿಸಿಯೋ ತಣ್ಣಗೋ? ಕಾಲದಿಂದ ಅಳೆದರೆ ಬಿಸಿ, ದೂರದಿಂದ ಅಳೆದರೆ ತಣ್ಣಗೆ. ಟೈರು ಬಿಸಿಯಾಗುವುದು ಉರುಳುವುದರಿಂದ ಎಂಬ ನಿಯಮವನ್ನು ಹಿಡಿದರೆ, ಅಲ್ಲಿ ಕಾಯ್ದಿರುವುದು ಮುಖ್ಯವಾಗಿ ಚಾಲಕ ಎಂದು ತೀರ್ಮಾನಿಸಬಹುದು.

ಹೆದ್ದಾರಿಯಲ್ಲಿ ಮಾತು ಬೇರೆ. ಅಲ್ಲಿ ಓಡಿದ ಟೈರು ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅದನ್ನು ಕಂಡು ತಿಂಡಿಗೆ ನಿಲ್ಲಿಸಿದಲ್ಲಿ ಪಿನ್ನು ಒತ್ತಿ ಗಾಳಿ ಬಿಡುವವರಿದ್ದಾರೆ. ಶಾಸ್ತ್ರದಲ್ಲಿ ಇದಕ್ಕೆ ಪ್ರಾಯಶ್ಚಿತ್ತವಿಲ್ಲ. ಗಾಳಿ ಕಮ್ಮಿಯಾದಷ್ಟೂ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ತುಂಬಿದ ಗಾಡಿ ನೂರರ ವೇಗದಲ್ಲಿದ್ದಾಗ ಆ ಕಾವೇ ಟೈರನ್ನು ಸಿಡಿಸಬಲ್ಲದು.

6. ಶಿರಾಡಿ ಪ್ರಮೇಯ

ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಇಲ್ಲಿನ ವಾಯುಮಂಡಲದ ಒತ್ತಡ ಸುಮಾರು 13.2 ಪಿಎಸ್‌ಐ. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದರೆ ಅದು 14.7. ಗೇಜು ತೋರಿಸುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಆದ್ದರಿಂದ ಇಲ್ಲಿ 32 ತುಂಬಿಸಿದ ಟೈರು ಸಮುದ್ರಮಟ್ಟದಲ್ಲಿ 30.5 ತೋರಬೇಕು. ಆದರೆ ಇಲ್ಲಿ ಬೆಳಗಿನ ಜಾವ 20 ಡಿಗ್ರಿ, ಅಲ್ಲಿ 30 ಎಂದಿಟ್ಟುಕೊಂಡರೆ ಸೆಕೆಗೆ ಗಾಳಿ ಹಿಗ್ಗಿ ಒಂದೂವರೆ ಪಿಎಸ್‌ಐ ಮರಳಿ ಬರುತ್ತದೆ. ಉತ್ತರ: 32. ಭೂಗೋಳ, ಭೌತಶಾಸ್ತ್ರ, ಗಣಿತ ಮೂರನ್ನೂ ದುಡಿಸಿಕೊಂಡು ಹೊರಟಲ್ಲಿಗೇ ಬಂದು ನಿಂತಿದ್ದೇವೆ. ಈ ಅಧ್ಯಾಯವೊಂದಕ್ಕೇ ಪಿಎಚ್‌ಡಿ ಕೊಡಬಹುದು.

7. ಭಾರ ವಿಚಾರ

ಭಾರದ ವಿಷಯದಲ್ಲಿ ಪೀಣ್ಯಕ್ಕೆ ಅನುಭವವಿದೆ. ಕೇಬಲ್ಲುಗಳಲ್ಲಿ ದೋಷ ಕಂಡು 2021ರ ಡಿಸೆಂಬರಿನಲ್ಲಿ ಮುಚ್ಚಿದ ಅಲ್ಲಿನ ಮೇಲ್ಸೇತುವೆ 2022ರ ಫೆಬ್ರವರಿಯಲ್ಲಿ ತೆರೆದದ್ದು ಲಘು ವಾಹನಗಳಿಗೆ ಮಾತ್ರ. ಎಷ್ಟು ಹೊರಬಲ್ಲೆ ಎಂದು ಸೇತುವೆಯನ್ನೂ ಕೇಳಿಯೇ ಮುಂದುವರಿಯಬೇಕು. ಟೈರಿನ ಮೇಲೂ ಉತ್ತರ ಬರೆದಿದೆ: ಲೋಡ್ ಇಂಡೆಕ್ಸ್ 82 ಎಂದರೆ ಒಂದು ಟೈರಿಗೆ 475 ಕಿಲೋ. ಆದರೆ ತಕ್ಕಷ್ಟು ಗಾಳಿ ಇದ್ದರೆ ಮಾತ್ರ. ಗಾಡಿಯನ್ನು ಎತ್ತಿ ಹಿಡಿದಿರುವುದು ಗಾಳಿ. ರಬ್ಬರಿನ ಕೆಲಸ ಅದನ್ನು ಓಡಿಹೋಗದಂತೆ ಕಾಯುವುದು.

ಊರಿನ ಪ್ರಯಾಣದ ಭಾರದಲ್ಲಿ ಎರಡು ಬಗೆ. ಹೋಗುವ ಭಾರ: ಐದು ಜನ, ಬಟ್ಟೆಬರೆ, ರಜೆಯಲ್ಲೂ ಬಿಡದ ಲ್ಯಾಪ್‌ಟಾಪು. ಬರುವ ಭಾರ: ಅದೇ ಐದು ಜನ (ಹಬ್ಬದೂಟದ ನಂತರ), 25 ಕಿಲೋ ಅಕ್ಕಿ ಮೂಟೆ, ಬಾಳೆಗೊನೆ, ಉಪ್ಪಿನಕಾಯಿ ಜಾಡಿ, ಹಲಸಿನಹಣ್ಣು. ಸುಲಿದ ತೆಂಗಿನಕಾಯಿಗೆ ಅರ್ಧ ಕಿಲೋ ಹಿಡಿದರೂ ಐವತ್ತು ಕಾಯಿಗೆ ಇನ್ನೊಂದು 25. ಇದಿಷ್ಟು ತೂಗಬಹುದಾದದ್ದು. ಡಿಕ್ಕಿ ಮುಚ್ಚುವ ಕೊನೇ ಗಳಿಗೆಯಲ್ಲಿ ಅಮ್ಮ ತರುವ ಚೀಲದ ತೂಕವನ್ನು ನಿರ್ಧರಿಸುವ ತಕ್ಕಡಿ ಇನ್ನೂ ಬಂದಿಲ್ಲ. "ಇದೊಂದು ಇಟ್ಕೊಳೋ, ಏನೂ ಭಾರ ಇಲ್ಲ" ಎಂಬುದಷ್ಟೇ ಲಭ್ಯವಿರುವ ಮಾಪನ. ಇಷ್ಟಾಗಿಯೂ ಬೆಂಗಳೂರಿಗರು ಗಾಳಿ ಹಾಕಿಸುವುದು ಹಗುರ ಗಾಡಿಯಲ್ಲಿ ಹೋಗುವಾಗ; ಭಾರದ ಗಾಡಿಯಲ್ಲಿ ಮರಳುವಾಗ ಟೈರಿನ ಕಡೆ ನೋಡುವುದಿಲ್ಲ. ಆದ್ದರಿಂದ ಸಿದ್ಧಾಂತ: ಬಾಗಿಲ ಮೇಲಿನ ತುಂಬು ಭಾರದ ಅಂಕಿ, ತಣ್ಣನೆಯ ಟೈರಿಗೆ, ಹೊರಡುವ ಬೆಳಿಗ್ಗೆ ಒಮ್ಮೆ, ಊರಿನಿಂದ ವಾಪಸು ಹೊರಡುವ ಮುನ್ನ, ಅಲ್ಲಿನ ಪಂಚರ್ ಅಂಗಡಿಯಲ್ಲಿ, ಇನ್ನೊಮ್ಮೆ.

8. ಫಲಶ್ರುತಿ

ಈ ಪ್ರಬಂಧವನ್ನು ಬಾಗಿಲು ತೆರೆದಿಟ್ಟು ಪಠಿಸಿದವರ ಟೈರು ಸಮವಾಗಿ ಸವೆಯುವುದು. ಮಳೆಯಲ್ಲಿ ಗಾಡಿ ಮಾತು ಕೇಳುವುದು. ಸಾಮಾನು ತುಂಬುವ ಮೊದಲೇ ಸ್ಟೆಪ್ನಿಗೆ ಗಾಳಿ ಹಾಕಿಸಿದವರಿಗೆ, ನಡುದಾರಿಯಲ್ಲಿ ಐವತ್ತು ತೆಂಗಿನಕಾಯಿಯನ್ನು ಒಂದೊಂದಾಗಿ ರಸ್ತೆಗಿಳಿಸುವ ಯೋಗ ಬಂದರೂ, ಕೊನೆಯ ಕಾಯಿಯ ಕೆಳಗೆ ಗಾಳಿಯಿರುವ ಚಕ್ರವೇ ಸಿಗುವುದು. ನೆಲಮಂಗಲದ ಟೋಲಿನ ಸಾಲು ಕರಗುವುದೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ.