ಲಂಟಾನದ ವಿಚಾರಣೆ

ಮದ್ದೂರಿನ ವಡೆ ಅಂಗಡಿ. ಪರಿಸರಪ್ರೇಮಿಯೊಬ್ಬರು, ಮಳವಳ್ಳಿಯ ಮುತ್ತತ್ತಿ ಕಡೆಯ ಕುರಿಗಾಹಿಯೊಬ್ಬ.

"ಲಂಟಾನ ಪರದೇಶಿ! 19ನೇ ಶತಮಾನದಲ್ಲಿ ಬ್ರಿಟಿಷರು ಅಂದಕ್ಕೆ ತಂದ ಗಿಡ. ಕಾಡಲ್ಲಿ ಹುಲ್ಲನ್ನೇ ಏಳಗೊಡ್ತಿಲ್ಲ. ಕಿತ್ತೆಸೀಬೇಕು!"

"ಕೀಳಿ ಸಾ. ಮಂಡ್ಯದ ಕಬ್ಬು ಯಾವೂರ್ದು?"

"ನ್ಯೂಗಿನಿ."

"ಮುದ್ದೆ ರಾಗಿ?"

"ಆಫ್ರಿಕಾ. ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ ಗೂಡು ಕಟ್ಟೋ ಹುಣಸೇಮರವೂ ಅಲ್ಲೀದೇ. ಆದ್ರೆ ಅವು ಪಕ್ಕದವರನ್ನ ತುಳಿಯಲ್ಲ!"

"ಕಬ್ಬು ತುಳೀನಿಲ್ವಾ? ನಾಲೆ ಬಯಲಲ್ಲಿ ಹುರುಳಿ ಹೊಲ ಎಲ್ಲೈತೆ, ತೋರ್ಸಿ."

(ಮೌನ. ವಡೆ ಮುರಿಯುವ ಸದ್ದು.)

"ನೋಡಪ್ಪ, ಲಂಟಾನದ ಬೇರು ಬಿಟ್ಟು ಕಿತ್ರೆ ಮತ್ತೆ ಚಿಗುರುತ್ತೆ."

"ಅದ್ಕೇ ಕಂಟ್ರಾಕ್ಟ್ರು ಬೇರ್ ಬುಟ್ಟು ಕೀಳಾದು. ಬಿಲ್ಲೂ ಚಿಗುರ್ಬೇಕಲ್ವಾ?"

"ಛೆ! ಇನ್ನೊಂದು ವಡೆ ಕೊಡಪ್ಪ."

"ಮೆಣಸಿನ್‌ಕಾಯಿ ಅಮೆರಿಕದ್ದಂತೆ ಸಾ. ಕಿತ್ತು ಕೊಡ್ಲಾ?"