ಉತ್ತರ ಮೊದಲು, ಬುದ್ಧಿ ಮತ್ತೆ

(ಸಾಗರ ಪೇಟೆಯ ನಮ್ಮ ಮನೆ ಜಗುಲಿಯನ್ನು ಕೇಂದ್ರವಾಗಿಟ್ಟುಕೊಂಡು, 'ಗೊತ್ತಿಲ್ಲ' ಎಂಬ ಪದದ ಅವಸಾನವನ್ನು ಕುರಿತು ನಡೆಸಿದ ಸಂಶೋಧನೆ. ಯಾವ ವಿಶ್ವವಿದ್ಯಾಲಯಕ್ಕೂ ಸಲ್ಲಿಸಿದ್ದಲ್ಲ. ಆದ್ದರಿಂದ ಯಾವುದೂ ತಿರಸ್ಕರಿಸಿಲ್ಲ.)

ಅಧ್ಯಾಯ 1: ನಾಮಮೀಮಾಂಸೆ

ಯಾವುದೇ ಮಹಾಪ್ರಬಂಧವನ್ನು ವಿಷಯದ ಹೆಸರಿನ ವಿಚಾರದಿಂದ ಶುರು ಮಾಡುವುದು ವಿದ್ವಾಂಸರ ವಾಡಿಕೆ. ವಿಷಯ ತಿಳಿಯದಿದ್ದರೂ ಹೆಸರಿನಲ್ಲೇ ನಲವತ್ತು ಪುಟ ತುಂಬುತ್ತದೆ ಎಂಬುದು ಇದರ ಅನುಕೂಲ. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಎಂಬ ಹೆಸರನ್ನು ಜಾನ್ ಮೆಕಾರ್ಥಿ ಮತ್ತು ಮೂವರು ಸಂಗಡಿಗರು 1955ರಲ್ಲಿ ಒಂದು ಅನುದಾನದ ಅರ್ಜಿಯಲ್ಲಿ ಬಳಸಿದರು. ಮರುವರ್ಷದ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹತ್ತು ಮಂದಿ ಎರಡು ತಿಂಗಳು ಕೂತು ಯೋಚಿಸಿದರೆ ಗಣನೀಯ ಪ್ರಗತಿ ಆದೀತು ಎಂಬುದು ಅರ್ಜಿಯ ಸಾರ. ಅನುದಾನ ಕೇಳುವ ಭಾಷೆ ಎಲ್ಲ ದೇಶಗಳಲ್ಲೂ ಒಂದೇ ಎಂಬುದು ನಮ್ಮ ಮೊದಲ ನಿಷ್ಕರ್ಷೆ. ಎಪ್ಪತ್ತು ವರ್ಷ ಕಳೆದರೂ ಆ ಬೇಸಿಗೆ ಮುಗಿದಿಲ್ಲ.

ಕನ್ನಡದಲ್ಲಿ ಇದು 'ಕೃತಕ ಬುದ್ಧಿಮತ್ತೆ' ಆಯಿತು. 'ಬುದ್ಧಿಮತ್ತೆ'ಯನ್ನು ಸಂಸ್ಕೃತ ಪಂಡಿತರು 'ಬುದ್ಧಿಮತ್' ಮತ್ತು 'ತಾ' ಎಂದು ಒಡೆದು ತೋರಿಸುತ್ತಾರೆ. ಅವರ ಪಾಂಡಿತ್ಯಕ್ಕೆ ನಮಸ್ಕಾರ. ಆದರೆ ಅಚ್ಚಗನ್ನಡಿಗನ ಕಿವಿಗೆ ಅಲ್ಲಿ ಎರಡು ಬಿಡಿ ಪದಗಳು ಸ್ಪಷ್ಟವಾಗಿ ಕೇಳಿಸುತ್ತವೆ: ಬುದ್ಧಿ, ಮತ್ತೆ. ಅಂದರೆ ಉತ್ತರ ಈಗಲೇ ಕೊಡಲಾಗುವುದು, ಬುದ್ಧಿ ಆಮೇಲೆ ನೋಡೋಣ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಈ ಯಂತ್ರದ ಸ್ವಭಾವವನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಪದ ಬೇರೆ ಯಾವ ಭಾಷೆಯಲ್ಲೂ ಇರಲಾರದು. (ಬೇರೆ ಭಾಷೆಗಳನ್ನು ನಾನು ಪರಿಶೀಲಿಸಿಲ್ಲ. ಪರಿಶೀಲಿಸದೆ ಹೇಳುವುದೇ ಈ ಪ್ರಬಂಧದ ವಸ್ತುವಾದ್ದರಿಂದ ಇದನ್ನು ದೋಷವೆಂದು ಎಣಿಸಬಾರದು.)

ಅಧ್ಯಾಯ 2: 'ಊಟ ಆಯ್ತಾ' ಪ್ರಮೇಯ

ಇನ್ನು ಚಾಟ್‌ಜಿಪಿಟಿಯಂಥ 'ಭಾಷಾ ಮಾದರಿ' ಯಂತ್ರಗಳ ಒಳಗುಟ್ಟು. ಹಿಂದೆ ಬಂದ ಪದಗಳನ್ನು ನೋಡಿ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಆಡುವುದು, ಆಮೇಲೆ ಅದನ್ನೂ ಸೇರಿಸಿಕೊಂಡು ಅದರ ಮುಂದಿನದನ್ನು ಆಡುವುದು: ಮೂಲದಲ್ಲಿ ಇಷ್ಟೇ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಿಂತು ಕೇಳಿ: ಯಾರ ಬಾಯಲ್ಲಾದರೂ 'ಊಟ' ಎಂಬ ಪದ ಬಂದರೆ ಅದರ ಹಿಂದೆಯೇ 'ಆಯ್ತಾ' ಬರುತ್ತದೆ. ಕೇಳಿದವರಿಗೆ ನಿಮ್ಮ ಹೊಟ್ಟೆಯ ಬಗ್ಗೆ ಕಾಳಜಿ ಇದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ; ನೀವು 'ಇಲ್ಲ' ಎಂದುಬಿಟ್ಟರೆ ಅವರೇ ಕಂಗಾಲಾಗುತ್ತಾರೆ. 'ಯಾವಾಗ ಬಂದ್ರಿ' ಎನ್ನುವುದೂ ಇದೇ ಜಾತಿ. ಕನ್ನಡಿಗರು ಶತಮಾನಗಳಿಂದ ಭಾಷಾ ಮಾದರಿಗಳಾಗಿ ಓಡಾಡುತ್ತಿದ್ದಾರೆ, ಅದೂ ವಿದ್ಯುತ್ ಖರ್ಚಿಲ್ಲದೆ.

ಈ ಯಂತ್ರಗಳಲ್ಲಿ 'ಟೆಂಪರೇಚರ್' ಎಂಬ ಒಂದು ತಿರುಪಿದೆ. ಸೊನ್ನೆಗೆ ಇಳಿಸಿದರೆ ಅತಿ ಸಂಭವನೀಯ ಪದವನ್ನೇ ಆರಿಸಿಕೊಳ್ಳುತ್ತದೆ, ಸರ್ಕಾರಿ ಸುತ್ತೋಲೆಯ ಹಾಗೆ. ಏರಿಸುತ್ತ ಹೋದರೆ ಅಪರೂಪದ ಪದಗಳತ್ತ ಜಾರಿ, ಕೊನೆಗೆ ಬಡಬಡಿಕೆಗೆ ಇಳಿಯುತ್ತದೆ. ನಮ್ಮ ವೈದ್ಯರು ಪಿತ್ತ ನೆತ್ತಿಗೇರುವುದು ಎಂದದ್ದು ಇದನ್ನೇ. ಈಗಿನ ಯಂತ್ರಗಳ ಬುನಾದಿಯಾದ ಲೇಖನವನ್ನು ಗೂಗಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. 'ಗಮನವೊಂದಿದ್ದರೆ ಸಾಕು' ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ನನ್ನ ಮೂರನೇ ಕ್ಲಾಸಿನ ಮೇಷ್ಟ್ರು ಇದೇ ಸಿದ್ಧಾಂತವನ್ನು ನನ್ನ ಕಿವಿ ಹಿಂಡಿ ಪ್ರತಿಪಾದಿಸಿದ್ದರು. ಅವರದು ಪ್ರಕಟವಾಗಲಿಲ್ಲ.

ಯಂತ್ರ ಪದಗಳನ್ನು ಇಡಿಯಾಗಿ ನುಂಗುವುದಿಲ್ಲ. ಟೋಕನ್ ಎಂಬ ತುಣುಕುಗಳಾಗಿ ಕತ್ತರಿಸಿಕೊಳ್ಳುತ್ತದೆ. ಅದು ಓದಿ ಬೆಳೆದದ್ದು ಬಹುಪಾಲು ಇಂಗ್ಲಿಷ್ ಆದ್ದರಿಂದ ಇಂಗ್ಲಿಷ್ ಪದ ಒಂದೆರಡು ತುಣುಕಿಗೆ ಮುಗಿದರೆ, ಕನ್ನಡದ ಪದ, ಅದರಲ್ಲೂ ಮೊದಮೊದಲ ಮಾದರಿಗಳಲ್ಲಿ, ತೊಂಡೆಕಾಯಿ ಹೆಚ್ಚಿದ ಹಾಗೆ ಚೂರುಚೂರಾಗುತ್ತಿತ್ತು. ಲೆಕ್ಕ ತುಣುಕಿನ ಮೇಲೆ. ಎಂದರೆ ಒಂದೇ ಮಾತನ್ನು ಕನ್ನಡದಲ್ಲಿ ಆಡಿದರೆ ದುಡ್ಡು ಜಾಸ್ತಿ. ಬೆಂಗಳೂರಿನಲ್ಲಿ ಭಾಷೆ ಬಾರದವರು ಆಟೋದವನಿಗೆ ಮೀಟರಿನ ಮೇಲೆ ಹೆಚ್ಚು ಕೊಡುತ್ತಾರೆ. ಇಲ್ಲಿ ಭಾಷೆ ಬರುವವರು ಕೊಡಬೇಕು.

ಅಧ್ಯಾಯ 3: ಖಾಲಿ ಬಿಡಬೇಡ

ಇದು ಪ್ರಬಂಧದ ತಿರುಳು. ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ಯಂತ್ರ ಏಕೆ ಹೇಳುತ್ತದೆ? ಕಟ್ಟುಕತೆ ಹೇಳುವ ಈ ಚಾಳಿಯನ್ನು 'ಭ್ರಮೆ' ಎಂದು ಕರೆದು ಪಶ್ಚಿಮದವರು ಬಹಳ ತಲೆ ಕೆಡಿಸಿಕೊಂಡರು. 2025ರಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಕಂಪನಿಯ ಸಂಶೋಧಕರೇ ಒಂದು ಕಾರಣ ಮುಂದಿಟ್ಟರು. ಯಂತ್ರಗಳಿಗೆ ಇಡುವ ಪರೀಕ್ಷೆಗಳಲ್ಲಿ ಊಹಿಸಿ ಹೊಡೆದರೆ ಅಂಕ ಸಿಕ್ಕರೂ ಸಿಗಬಹುದು, 'ಗೊತ್ತಿಲ್ಲ' ಎಂದರೆ ಸೊನ್ನೆ. ಹೀಗಾಗಿ ಯಂತ್ರ ಊಹೆಯನ್ನೇ ಕಲಿಯುತ್ತದೆ.

ಇದಕ್ಕೊಂದು ಸಂಶೋಧನೆ ಬೇಕಿತ್ತೇ? ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ, ಹಾಲ್‌ಟಿಕೆಟ್ ಕೈಗಿಡುತ್ತ, ಕರ್ನಾಟಕದ ಎಲ್ಲ ತಂದೆಯರೂ ಆಡಿದ ಮಾತು ಯಾವುದು? 'ಖಾಲಿ ಮಾತ್ರ ಬಿಡಬೇಡ, ಏನಾದರೂ ಬರೆದು ಬಾ.' ನಾನು ಸಮಾಜ ಪರೀಕ್ಷೆಯಲ್ಲಿ ಪಾಣಿಪತ್ ಯುದ್ಧದ ಕಾರಣ ಮರೆತು, ಎರಡೂ ಕಡೆಯವರಿಗೆ ಪರಸ್ಪರ ಅಸಮಾಧಾನವಿತ್ತು ಎಂದು ಒಂದೂವರೆ ಪುಟ ಬರೆದು ಬಂದವನು. ಐದಕ್ಕೆ ಎರಡೂವರೆ ಸಿಕ್ಕಿತು. ಆ ಎರಡೂವರೆ ಅಂಕದ ಮೇಲೆಯೇ ಈಗ ಜಗತ್ತಿನ ಶ್ರೀಮಂತ ಕಂಪನಿಗಳು ನಿಂತಿವೆ.

ಫಲವನ್ನೂ ನೋಡಬೇಕು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ವಿಮಾನ ಕಂಪನಿಯೊಂದರ ಮೇಲಿನ ದಾವೆಯಲ್ಲಿ ಚಾಟ್‌ಜಿಪಿಟಿ ಹೇಳಿಕೊಟ್ಟ ಹಳೇ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟರು. ಆ ತೀರ್ಪುಗಳು ಎಲ್ಲೂ ಇರಲಿಲ್ಲ. ನ್ಯಾಯಾಧೀಶರು ಐದು ಸಾವಿರ ಡಾಲರ್ ದಂಡ ಹಾಕಿದರು. ದಂಡ ತೆತ್ತದ್ದು ಮನುಷ್ಯರು ಎಂಬುದನ್ನು ಕಾನೂನು ವಿದ್ಯಾರ್ಥಿಗಳು ಅಡಿಗೆರೆ ಎಳೆದು ಓದಿಕೊಳ್ಳಬೇಕು.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸಂಗತಿಯನ್ನು ಕನ್ನಡದಲ್ಲಿ ಪ್ರಕಟಿಸಿದರೆ, ಫೇಸ್‌ಬುಕ್ಕಿನ ಒಡೆಯರಾದ ಮೆಟಾದ ಅನುವಾದ ಯಂತ್ರ ಅದನ್ನು ಇಂಗ್ಲಿಷಿಗೆ ತರುವಾಗ ಮುಖ್ಯಮಂತ್ರಿಗಳೇ ತೀರಿಕೊಂಡರೆಂದಿತು. ವಿಶೇಷವೆಂದರೆ ಅದೇ ವಾಕ್ಯದಲ್ಲಿ, ತೀರಿಕೊಂಡ ಮೇಲೆ, ಅವರು ನಟಿಯ ಪಾರ್ಥಿವ ಶರೀರಕ್ಕೆ ಗೌರವವನ್ನೂ ಸಲ್ಲಿಸಿದ್ದರು. ಕಂಪನಿ ಕ್ಷಮೆ ಕೇಳಿತು. ಯಾರು ಸತ್ತರು, ಯಾರು ನೋಡಲು ಹೋದರು ಎಂಬುದು ಕನ್ನಡದಲ್ಲಿ ಒಂದು ವಿಭಕ್ತಿ ಪ್ರತ್ಯಯದ ಮಾತು. ವ್ಯಾಕರಣ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಎಂದು ಹೈಸ್ಕೂಲಿನಲ್ಲಿ ಹೆದರಿಸುತ್ತಿದ್ದದ್ದು ಉತ್ಪ್ರೇಕ್ಷೆ ಅಂದುಕೊಂಡಿದ್ದೆ.

ಅಧ್ಯಾಯ 4: ಕ್ಷೇತ್ರಕಾರ್ಯ

ಭಾಷಾವಿಜ್ಞಾನಿಗಳು ಅಳಿಯುತ್ತಿರುವ ನುಡಿಯ ಕೊನೆಯ ಭಾಷಿಕರನ್ನು ಹುಡುಕಿಕೊಂಡು ಕಾಡುಮೇಡು ಅಲೆಯುತ್ತಾರೆ. 'ಗೊತ್ತಿಲ್ಲ' ಎಂಬ ಪದದ ಕೊನೆಯ ಭಾಷಿಕರನ್ನು ಹುಡುಕುತ್ತ ನಾನು ಜಗುಲಿಯಿಂದ ಅಡಿಗೆಮನೆಯವರೆಗೂ ಅಲೆದೆ. ಎದುರುಮನೆ ಮಾವಯ್ಯನನ್ನು ಸುಮ್ಮನೆ ಪರೀಕ್ಷೆಗೆ, ಇಲ್ಲದ ಒಂದು ಊರಿನ ಹೆಸರು ಕಟ್ಟಿ, ಅಲ್ಲಿಗೆ ಹೋಗುವುದು ಹೇಗೆಂದು ಕೇಳಿದೆ. 'ಹೊಸನಗರದ ಬಸ್ಸು ಹತ್ತು, ಇಳಿದು ಯಾರನ್ನ ಕೇಳಿದ್ರೂ ಹೇಳ್ತಾರೆ' ಅಂದ. ಅವನ ಟೆಂಪರೇಚರ್ ಸಹಜವಾಗಿತ್ತು.

ಅಷ್ಟರಲ್ಲಿ ಬೆಂಗಳೂರಿನಿಂದ ಬಂದ ಮಗಳು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. (ಹೆಸರು ಹೇಳುವುದು ಸಂಶೋಧನಾ ಶಿಷ್ಟಾಚಾರವಲ್ಲ.) ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ. ಅದು ಅಪ್ಪೆಮಿಡಿಯ ಕಾಲ. ಅತ್ತೆಯವರು ಅಂಗಳದಲ್ಲಿ ಮಿಡಿ ಹರವಿಕೊಂಡು ಕೂತಿದ್ದರು. ಅವರ ಸಮ್ಮುಖದಲ್ಲೇ ಯಂತ್ರವನ್ನು ಮಾವಿನ ಮಿಡಿ ಉಪ್ಪಿನಕಾಯಿಯ ವಿಧಾನ ಕೇಳಿದೆ. ಸಿಪ್ಪೆ ತೆಗೆದು, ಓಟೆ ಬೇರೆ ಮಾಡಿ, ಹೋಳು ಮಾಡಿಕೊಳ್ಳಬೇಕು ಎಂದು ಶುರು ಮಾಡಿತು. ಓಟೆ ಗಟ್ಟಿಯಾಗುವ ಮುಂಚೆಯೇ ಕೊಯ್ದದ್ದು ಮಿಡಿ. ಅದನ್ನು ಹೋಳು ಮಾಡುವುದುಂಟೇ? ತೊಟ್ಟು ಸಮೇತ ಇಡಿಯಾಗಿ ಉಪ್ಪಿನಲ್ಲಿ ಹಾಕಿ ಸುಕ್ಕುಗಟ್ಟಿಸಿ, ಆಮೇಲೆ ಸಾಸಿವೆ, ಮೆಣಸು ಅರೆದು ಕಲಸುವುದು. ಸೊನೆಯ ಪರಿಮಳ ಹೋಗಬಾರದೆಂದೇ ತೊಟ್ಟಿನ ಮೇಲೆ ಅಷ್ಟು ಅಕ್ಕರೆ.

'ಇಡೀ ಮಿಡಿಯನ್ನೇ ಹಾಕಬೇಕು' ಎಂದು ಅತ್ತೆಯವರು ಫೋನಿಗೆ ಗದರಿದರು.

'ನೀವು ಹೇಳಿದ್ದು ಖಂಡಿತ ಸರಿ, ತಪ್ಪಿಗೆ ಕ್ಷಮಿಸಿ' ಎಂದಿತು ಯಂತ್ರ.

ಅತ್ತೆಯವರಿಗೆ ಅನುಮಾನ. 'ಬೆಲ್ಲದ ಪಾಕ ಮಾಡಿ ಮಿಡಿ ಬೇಯಿಸಬೇಕು' ಎಂದು ಬೇಕೆಂದೇ ಒಂದು ಸುಳ್ಳು ಬಿಟ್ಟರು.

'ನೀವು ಹೇಳಿದ್ದು ಖಂಡಿತ ಸರಿ' ಎಂದು ಅದು ಪಾಕದ ಹದವನ್ನೂ ವಿವರಿಸತೊಡಗಿತು.

'ಇದು ಥೇಟ್ ನಮ್ಮ ಅಳಿಯಂದಿರ ಹಾಗೇ' ಎಂದರು ಅತ್ತೆಯವರು, ನನ್ನ ಕಡೆ ನೋಡದೆ. ನನ್ನ ಹೆಂಡತಿ ಒಳಗಿಂದ ನಕ್ಕದ್ದನ್ನು ದತ್ತಾಂಶವಾಗಿ ದಾಖಲಿಸಿಲ್ಲ.

2021ರಲ್ಲಿ ಎಮಿಲಿ ಬೆಂಡರ್ ಮತ್ತಿತರ ವಿದುಷಿಯರು ಇಂಥ ಯಂತ್ರಗಳನ್ನು ಗಿಳಿಗೆ ಹೋಲಿಸಿದ್ದಾರೆ: ಅರ್ಥದ ಗೊಡವೆಯಿಲ್ಲದೆ ಸಂಭವನೀಯತೆಯ ಲೆಕ್ಕದಲ್ಲಿ ಪದ ಪೋಣಿಸುವ ಗಿಳಿ. ನನ್ನ ವಿನಮ್ರ ಆಕ್ಷೇಪಣೆ ಇದೆ. ನಮ್ಮ ಸಂತೆಯ ಗಿಳಿಶಾಸ್ತ್ರದವನ ಗಿಳಿ ಪಂಜರದಿಂದ ಹೊರಬಂದು, ಒಂದು ಚೀಟಿ ಎತ್ತಿಕೊಟ್ಟು, ಒಂದು ಕಾಳು ತಿಂದು ಒಳಗೆ ಹೋಗುತ್ತದೆ. ಚೀಟಿ ಸರಿಯಿಲ್ಲ ಎಂದು ನೀವು ಗದರಿದರೆ ಕ್ಷಮೆ ಕೇಳಿ ಇನ್ನೊಂದು ಎತ್ತುವುದಿಲ್ಲ. ಗಿಳಿಗೆ ಅಷ್ಟು ಸ್ವಾಭಿಮಾನವಿದೆ.

ಕ್ಷೇತ್ರಕಾರ್ಯದ ಕೊನೆಗೆ, ಪುಸ್ತಕ ಪೆನ್ನು ಹಿಡಿದು ಅತ್ತೆಯವರನ್ನು ಕೇಳಿದೆ: 'ನೂರು ಮಿಡಿಗೆ ಉಪ್ಪು ಎಷ್ಟು?'

'ಗೊತ್ತಿಲ್ಲ' ಎಂದರು.

ಪೆನ್ನು ಕೈಜಾರಿತು. ಐವತ್ತು ವರ್ಷದಿಂದ ಭರಣಿ ಭರಣಿ ಮಿಡಿ ಹಾಕಿ, ಒಂದೂ ಕೆಡಿಸದೆ ಮಳೆಗಾಲ ದಾಟಿಸಿದವರು. 'ಎಷ್ಟು ಅಂದ್ರೆ ಹ್ಯಾಗೆ ಹೇಳದು? ಆ ವರ್ಷದ ಮಿಡಿ ನೋಡಬೇಕು, ಕೈಯಲ್ಲಿ ಹಿಡೀಬೇಕು' ಎಂದು ಉಪ್ಪಿನ ಮರಿಗೆ ಎಳೆದುಕೊಂಡರು. ಉಪ್ಪಿನ ಅಳತೆಯ ಕಾಲಂ ಖಾಲಿ ಬಿಟ್ಟಿದ್ದೇನೆ. ಹುಟ್ಟಿ ಬುದ್ಧಿ ಬಂದ ಮೇಲೆ ನಾನು ಖಾಲಿ ಬಿಟ್ಟ ಮೊದಲ ಉತ್ತರ ಇದು.

ಒಬ್ಬರೇ ಭಾಷಿಕರಿಂದ ಪ್ರಬಂಧ ಪೂರ್ಣವಾಗದು. ಓದುಗರ ಮನೆಯಲ್ಲಿ, ಓಣಿಯಲ್ಲಿ, ಕಚೇರಿಯಲ್ಲಿ 'ಗೊತ್ತಿಲ್ಲ' ಎನ್ನುವವರು ಯಾರಾದರೂ ಉಳಿದಿದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ಇದ್ದಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ಹಾಗೆಂದೇ ಬರೆಯಿರಿ. ನಿಮ್ಮನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.