ಆಲು, ಹಾಲು, ಪಾಲು: ಒಂದು ಬಹಿರಂಗ ಶಿಫಾರಸು ಪತ್ರ

ಇವರಿಗೆ,
ಪ್ರವೇಶ ಸಮಿತಿಯ ಸದಸ್ಯರು,
ವಾಕ್ ಮತ್ತು ಭಾಷಾ ಚಿಕಿತ್ಸೆಯ ಸ್ನಾತಕೋತ್ತರ ವಿಭಾಗ,
ಅಮೆರಿಕದ ಒಂದು ವಿಶ್ವವಿದ್ಯಾಲಯ.

ವಿಷಯ: ನಮ್ಮೂರ ಹುಡುಗಿಗೆ ಸೀಟು ದಯಪಾಲಿಸುವ ಬಗ್ಗೆ.
ಉಲ್ಲೇಖ: ನಿಮ್ಮ ಕಂಪ್ಯೂಟರು ರಾತ್ರಿ ಎರಡು ಗಂಟೆಗೆ ನನ್ನ ಮೊಬೈಲಿಗೆ ಕಳಿಸಿದ ಮೂರನೆಯ ಜ್ಞಾಪನಾ ಪತ್ರ.

ಮಾನ್ಯರೇ,

ಗುಂಡ್ಲುಪೇಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೈದು ವರ್ಷ ಸೀಮೆಸುಣ್ಣ ಸವೆಸಿ ನಿವೃತ್ತನಾದ ಮೇಷ್ಟ್ರು ನಾನು. ನಿಮ್ಮಲ್ಲಿಗೆ ಅರ್ಜಿ ಹಾಕಿರುವ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಎರಡು ಶಿಫಾರಸು ಪತ್ರಗಳನ್ನು ಅವಳ ಕಾಲೇಜಿನ ಪ್ರಾಧ್ಯಾಪಕರು ಕೊಟ್ಟಿದ್ದಾರೆ. ಮೂರನೆಯದಕ್ಕೆ ಅವಳು ನನ್ನನ್ನು ಹಿಡಿದಳು.

ನಮ್ಮ ಕಡೆ ಶಿಫಾರಸು ಪತ್ರ ಎಂದರೆ ಶಾಸಕರ ಲೆಟರ್‌ಹೆಡ್ಡಿನಲ್ಲಿ ಬರುವಂಥದ್ದು. ಎರಡೇ ಸಾಲು: ‘ಇವರು ನಮಗೆ ಬೇಕಾದವರು. ಪರಿಶೀಲಿಸಿ ಕ್ರಮ ಕೈಗೊಳ್ಳುವುದು.’ ಬರೆದವರಿಗೆ ಅಭ್ಯರ್ಥಿಯ ಮುಖ ಪರಿಚಯ ಇರಬೇಕೆಂದೇನೂ ಇಲ್ಲ. ನಿಮ್ಮದು ಪೂರ್ತಿ ತಿರುಗುಮುರುಗು. ಅವಳನ್ನು ಬಲ್ಲವರೇ ಬರೆಯಬೇಕಂತೆ; ಬರೆದದ್ದನ್ನು ತಾನು ನೋಡುವುದಿಲ್ಲವೆಂದು ಅವಳು ಮೊದಲೇ ಸಹಿ ಹಾಕಿಕೊಟ್ಟಿದ್ದಾಳೆ. ಗುಂಡ್ಲುಪೇಟೆಯಲ್ಲಿ ಯಾವ ಗುಟ್ಟು ತಾನೇ ಬಸ್‌ಸ್ಟ್ಯಾಂಡು ದಾಟದೆ ಉಳಿದಿದೆ? ಹೇಗೂ ಎಲ್ಲರಿಗೂ ತಿಳಿಯುವುದನ್ನು ಎಲ್ಲರೂ ಓದುವಂತೆಯೇ ಬರೆದುಬಿಡೋಣ ಎಂದು ಈ ಬಹಿರಂಗ ಪತ್ರ.

ನಿಮ್ಮ ಫಾರಂನ ಮೊದಲ ಪ್ರಶ್ನೆ: ನನಗೆ ಗೊತ್ತಿರುವವರ ಪೈಕಿ ಈಕೆ ಮೇಲಿನ ಶೇ. 1ರಲ್ಲಿ ಬರುತ್ತಾಳೋ, ಶೇ. 5ರಲ್ಲೋ, ಶೇ. 10ರಲ್ಲೋ? ನನಗೆ ಗೊತ್ತಿರುವವರಲ್ಲಿ ಸ್ಪೀಚ್ ಥೆರಪಿ ಓದಿದವಳು ಇವಳೊಬ್ಬಳೇ. ಶೇ. 1 ಒತ್ತಿದೆ. ಕೆಳಗಿನ ಶೇ. 1ರಲ್ಲಿಯೂ ಇವಳೇ ಬರುತ್ತಾಳೆ. ಅದಕ್ಕೆ ನಿಮ್ಮಲ್ಲಿ ಗುಂಡಿ ಇಲ್ಲ.

ಹೆಸರಿನ ಅಂಕಣ ದಾಟಲು ಎರಡು ದಿನ ಹಿಡಿಯಿತು. ಕೊನೆಯ ಹೆಸರು ಕಡ್ಡಾಯ ಅನ್ನುತ್ತದೆ ನಿಮ್ಮ ಕಂಪ್ಯೂಟರು. ನಮ್ಮ ಸೀಮೆಯಲ್ಲಿ ಮನುಷ್ಯನಿಗಿರುವುದು ಒಂದು ಹೆಸರು, ಅದರ ಹಿಂದೋ ಮುಂದೋ ಎರಡು ಇನಿಷಿಯಲ್ಲು, ಒಂದು ಊರಿನದು, ಒಂದು ಅಪ್ಪನದು. ಕಡೆಗೆ ಅಪ್ಪನ ಹೆಸರನ್ನೇ ಕೊನೆಯ ಹೆಸರು ಮಾಡಿದೆವು. ಅಂದಿನಿಂದ ನಿಮ್ಮ ಪತ್ರಗಳೆಲ್ಲ ಚೆಂಡುಮಲ್ಲಿಗೆ ಹೊಲದಲ್ಲಿ ನೀರು ಕಟ್ಟುವ ಅವಳಪ್ಪನನ್ನು ‘ಪ್ರಿಯ ಅಭ್ಯರ್ಥಿಯೇ’ ಎಂದು ಕರೆಯುತ್ತಿವೆ.

ಇನ್ನು ಗಡುವು. ನಿಮ್ಮಲ್ಲಿ ರಾತ್ರಿ 11 ಗಂಟೆ 59 ನಿಮಿಷ ಅಂದರೆ ಚಳಿಗಾಲದಲ್ಲಿ ನಮ್ಮಲ್ಲಿ ಮಾರನೆಯ ಬೆಳಿಗ್ಗೆ 10 ಗಂಟೆ 29 ನಿಮಿಷ. ಸರಿಯಾಗಿ ಕರೆಂಟು ಹೋಗುವ ಹೊತ್ತು. ನಮ್ಮ ಬಂಡೀಪುರದ ಗೇಟನ್ನೂ 2009ರಿಂದ ರಾತ್ರಿ 9ಕ್ಕೆ ಹಾಕುತ್ತಾರೆ; ಆದರೆ ಬೆಳಿಗ್ಗೆ 6ಕ್ಕೆ ತೆಗೆಯುತ್ತಾರೆ. ಅದು ಆನೆಗಳ ಅನುಕೂಲಕ್ಕೆ. ನಿಮ್ಮ ಗೇಟು ಒಮ್ಮೆ ಹಾಕಿದರೆ ಮುಂದಿನ ವರ್ಷವೇ. ಅದು ಯಾವ ಪ್ರಾಣಿಯ ಅನುಕೂಲಕ್ಕೆ ಎಂದು ತಿಳಿಯಲಿಲ್ಲ.

ಓದು ಮುಗಿದ ಮೇಲೆ ‘ಆಶಾ’ದ ಪ್ರಮಾಣಪತ್ರ ಪಡೆಯಬೇಕೆಂದು ಅವಳು ಮನೆಯಲ್ಲಿ ಹೇಳಿದ ದಿನ ಒಲೆ ಉರಿಯಲಿಲ್ಲ. ನಿಮಗೆ ಆಶಾ ಅಂದರೆ ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ. ನಮಗೆ ಆಶಾ ಅಂದರೆ ಗುಲಾಬಿ ಸೀರೆ ಉಟ್ಟು ಮನೆಮನೆಗೆ ಬಂದು ಬಸುರಿಯರ ಲೆಕ್ಕ ಬರೆಯುವ ನಮ್ಮ ಕಾರ್ಯಕರ್ತೆ. “ಆಶಾ ಆಗಕ್ಕ ಅಮೆರಿಕಕ್ಕ ಯಾಕವ್ವ ಓಗ್ಬೇಕು? ಪಕ್ಕದ ಬೀದಿಯೋಳು ಇಲ್ಲೇ ಆಗ್ಲಿಲ್ವಾ?” ಅಂದರು ಅವಳ ತಾಯಿ. ಗೌರವಧನ ಹೆಚ್ಚಿಸಿ ಎಂದು ಬೀದಿಯಲ್ಲಿ ಕೂರುವ ಪ್ರಮೇಯ ಅಲ್ಲಿನ ಆಶಾಗೆ ಇಲ್ಲ ಎಂದು ತಿಳಿಸಿ ಹೇಳಿದ ಮೇಲೆ ಒಲೆ ಹತ್ತಿತು.

ಇಷ್ಟಕ್ಕೂ ಈ ವಿದ್ಯೆ ನಮಗೆ ಹೊಸದಲ್ಲ. ಇಲ್ಲಿಂದ ಸುಮಾರು 60 ಕಿಲೋಮೀಟರು ದೂರದ ಮೈಸೂರಿನಲ್ಲಿ 1965ರಲ್ಲೇ ಇದಕ್ಕೊಂದು ಸಂಸ್ಥೆ ಹುಟ್ಟಿತು. ಆಗ ಅದರ ಹೆಸರು ಲೋಗೊಪೀಡಿಕ್ಸ್ ಸಂಸ್ಥೆ. ಮಾತಿನ ಸಂಸ್ಥೆಯ ಹೆಸರೇ ಬಾಯಲ್ಲಿ ಹೊರಳದಿದ್ದರೆ ಹೇಗೆ ಎಂದು ಯಾರಿಗೋ ಅನ್ನಿಸಿರಬೇಕು, ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಾಯಿತು. ನಮ್ಮ ಹುಡುಗಿ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್ ಎಂದು ನಾಲ್ಕು ವರ್ಷದ ಪದವಿ ಮುಗಿಸಿದ್ದಾಳೆ. ಮೈಸೂರಿನ ಎಂ.ಎಸ್‌ಸಿ.ಗೂ ಪ್ರವೇಶ ಪರೀಕ್ಷೆ ಬರೆಯುತ್ತಾಳೆ. ಅಲ್ಲಿ ಸೀಟು ಎಣಿಸಿದಷ್ಟು, ನಿಮ್ಮಲ್ಲಿ ಡಾಲರು ಎಣಿಸಿದಷ್ಟು.

ನಿಮ್ಮ ಉದ್ದೇಶ ಪತ್ರದ ವಿಷಯಕ್ಕೆ ಬರುತ್ತೇನೆ. ಈ ವೃತ್ತಿಯ ಕನಸು ನಿಮ್ಮಲ್ಲಿ ಯಾವಾಗ ಮೊಳೆಯಿತು ಎಂದು ಕೇಳುತ್ತೀರಿ. ಇಂಥ ಪತ್ರ ಬರೆದುಕೊಡುವ ಒಂದು ಏಜೆನ್ಸಿಯವರು ಅವಳಿಗೊಂದು ಮಾದರಿ ಕೊಟ್ಟಿದ್ದರು: ನಾಲ್ಕನೆಯ ವಯಸ್ಸಿನಿಂದಲೇ ಮಾನವ ಸಂವಹನದ ವಿಸ್ಮಯ ಇವಳನ್ನು ಕಾಡುತ್ತಿತ್ತಂತೆ. ನಾನು ಸಾಕ್ಷಿ: ನಾಲ್ಕನೆಯ ವಯಸ್ಸಿನಲ್ಲಿ ಇವಳನ್ನು ಕಾಡುತ್ತಿದ್ದದ್ದು ಅಂಗನವಾಡಿಯ ಉಪ್ಪಿಟ್ಟು. ನೀಟ್ ಬರೆದಳು, ಎಂಬಿಬಿಎಸ್ ಸಿಗಲಿಲ್ಲ. ಪಿಯುಸಿ ಸೈನ್ಸ್ ಓದಿದವರು ಇದಕ್ಕೂ ಹೋಗಬಹುದು ಎಂದು ಯಾರೋ ಹೇಳಿದರು, ಹೋದಳು. ನಮ್ಮ ದೇಶದ ಕನಸುಗಳೆಲ್ಲ ಕೌನ್ಸೆಲಿಂಗಿನ ಎರಡನೆಯ ಸುತ್ತಿನಲ್ಲೇ ಮೊಳೆಯುವುದು.

ಆದರೆ ನಿಮ್ಮ ಫಾರಂನಲ್ಲಿ ಅಂಕಣವೇ ಇಲ್ಲದ ಮೂರು ಸಂಗತಿಗಳಿವೆ. ಅವನ್ನು ಹೇಳಲೇ ಈ ಪತ್ರ.

ಮೊದಲನೆಯದು ಹಾಲು. ನಮ್ಮ ಚಾಮರಾಜನಗರ ಸೀಮೆಯಲ್ಲಿ ‘ಹ’ಕಾರ ನಾಲಿಗೆಗೆ ಭಾರ. ಹಾಲು ‘ಆಲು’, ಹಲ್ಲು ‘ಅಲ್ಲು’. ಹೂವು ಬೆಳೆದು ಕೇರಳದ ಓಣಂಗೆ ಲೋಡುಗಟ್ಟಲೆ ಕಳಿಸುವ ತಾಲ್ಲೂಕಿನ ಬಾಯಲ್ಲಿ ಹೂ ಅನ್ನುವುದು ‘ಊ’. ಮೂವತ್ತೈದು ವರ್ಷ ನಾನು ಇದನ್ನು ಬೆತ್ತದಿಂದ ವಾಸಿ ಮಾಡಲು ನೋಡಿದೆ. ಆದ ಗುಣ ಏನೆಂದರೆ, ಹೆದರಿದ ಮಕ್ಕಳು ಅಕ್ಕಿಯನ್ನೂ ಹಕ್ಕಿ ಮಾಡಿದವು.

ಪದವಿಯ ಎರಡನೆಯ ವರ್ಷದಲ್ಲಿ ರಜೆಗೆ ಬಂದಿದ್ದಾಗ ಇವಳು ನನ್ನನ್ನು ಸರ್ಕಲ್ಲಿನ ಟೀ ಅಂಗಡಿಗೆ ಕರೆದುಕೊಂಡು ಹೋದಳು. ಊಟಿ ರಸ್ತೆಯೂ ವಯನಾಡಿನ ರಸ್ತೆಯೂ ಕವಲೊಡೆಯುವ ಊರು ನಮ್ಮದು. ತಮಿಳು ಲಾರಿಯವನು ‘ಪಾಲ್’ ಇಲ್ಲದ ಟೀ ಕೇಳಿದ, ಮಲಯಾಳಿ ಲಾರಿಯವನೂ ‘ಪಾಲ್’ ಅಂದ, ಮೈಸೂರಿನ ಟೂರಿಸ್ಟು ‘ಹಾಲು’ ಅಂದರು, ಅಂಗಡಿಯವನು ಒಳಕ್ಕೆ ತಿರುಗಿ “ಆಲು ಮುಗ್ದೋಯ್ತು ಕಲ” ಎಂದು ಕೂಗಿದ. “ನೋಡಿ ಮೇಷ್ಟ್ರೇ, ಒಂದು ಲೋಟದೊಳಗ ಸಾವಿರ ವರ್ಷ” ಅಂದಳು. ಪಂಪನ ಕಾಲದ ಕನ್ನಡದಲ್ಲೂ ಅದು ‘ಪಾಲ್’. ಬರಬರುತ್ತ ಪಕಾರ ಹಕಾರವಾಯಿತು: ಪೂ ಹೂವಾಯಿತು, ಪುಲಿ ಹುಲಿಯಾಯಿತು. ನಮ್ಮ ಸೀಮೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಇಳಿಸಿ ಹಗುರಾಯಿತು. ಪಂಪನ ಕಾಲದಲ್ಲಿ ನನ್ನಂಥ ಮೇಷ್ಟ್ರಿದ್ದಿದ್ದರೆ ‘ಹಾಲು’ ಅಂದವನ ಅಂಗೈ ಊದುತ್ತಿತ್ತು.

ಉಚ್ಚಾರಣೆಯನ್ನು ಬೆತ್ತವಿಲ್ಲದೆಯೂ ಅಳೆಯಬಹುದು: ಕನ್ನಡದ ಮಕ್ಕಳಿಗೆಂದೇ ಪರೀಕ್ಷೆಯೊಂದನ್ನು ತಜ್ಞರಾದ ಬಾಬು, ರತ್ನ ಮತ್ತು ಬೆಟ್ಟಗೇರಿ 1972ರಲ್ಲೇ ರೂಪಿಸಿದ್ದಾರೆ. ನಿಮ್ಮ ಆಶಾ ಕೂಡ 1983ರಲ್ಲಿ, ಇಂಗ್ಲಿಷಿನ ಯಾವ ಉಪಭಾಷೆಯೂ ಮಾತಿನ ದೋಷವಲ್ಲ ಎಂದು ತನ್ನ ನಿಲುವು ಪ್ರಕಟಿಸಿದೆ. ಆದರೂ ಈ ಹುಡುಗಿಯ ಇಂಗ್ಲಿಷು ಸರಿಯಿದೆಯೇ ಎಂದು ನೋಡಲು ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಕೆಲವು ಸೆಕೆಂಡಿನಲ್ಲಿ ಮಾತಾಡಿಸಿ, ಯಂತ್ರವನ್ನೂ ಸೇರಿಸಿಕೊಂಡು ಅಂಕ ಹಾಕುತ್ತೀರಿ. ಉಚ್ಚಾರಣೆಗೆ ಅಂಕಪಟ್ಟಿಯೇ ಗತಿ ಎನ್ನುವುದಾದರೆ ನಮ್ಮ ಗಡಿಯ ಗಾಜನೂರಿನ ಮುತ್ತುರಾಜನ, ಅಂದರೆ ನಮ್ಮ ಡಾ. ರಾಜ್‌ಕುಮಾರ್ ಅವರ ಗತಿ ಏನು? ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದವರು. ಕನ್ನಡವನ್ನು ಹೇಗೆ ಉಚ್ಚರಿಸಬೇಕು ಎಂದು ಇಡೀ ನಾಡು ಅವರ ಸಿನಿಮಾ ನೋಡಿ ಕಲಿಯಿತು, 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವರನ್ನು ಯಾರೂ 4ಕ್ಕೆ ಎಷ್ಟು ಜಿಪಿಎ ಎಂದು ಕೇಳಲಿಲ್ಲ.

ಎರಡನೆಯದು ಗಂಟೆಗಳ ಲೆಕ್ಕ. ನಿಮ್ಮ ಪ್ರಮಾಣಪತ್ರಕ್ಕೆ 400 ಗಂಟೆ ಬೇಕು: 25 ಗಂಟೆ ಪಕ್ಕದಲ್ಲಿ ಕೂತು ನೋಡಿದ್ದು, 375 ಗಂಟೆ ರೋಗಿಯೊಡನೆ ಕೆಲಸ ಮಾಡಿದ್ದು, ಎಲ್ಲಕ್ಕೂ ಮೇಲ್ವಿಚಾರಕರ ಸಹಿ. ಇವಳು ಪಿಯುಸಿಯಲ್ಲಿದ್ದಾಗ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಾಯಿಯೂ ಬಿತ್ತು. ನೀರು ಬೇಕಾದರೆ ‘ನೀರು’ ಅನ್ನಲು ಬರದು. ಆದರೆ ಬೀದಿಯಲ್ಲಿ ಕಂಸಾಳೆಯವರ ಸದ್ದಾದರೆ ‘ಉಘೇ ಮಾದಪ್ಪ’ ಅನ್ನುವುದು ತಪ್ಪುತ್ತಿರಲಿಲ್ಲ. ಮಾದಪ್ಪನ ಮಹಿಮೆ ಎಂದು ಮನೆಯವರು ಮುಡಿಪು ಕಟ್ಟಿದರು. ಇವಳು ಮುಡಿಪಿಗೂ ಕೈಮುಗಿದು, ಅದೇ ರಾಗದ ಏರಿಳಿತಕ್ಕೆ ‘ನೀರ್ ಕೊಡವ್ವ’ ಸೇರಿಸಿ ದಿನವೂ ಅಜ್ಜಿಯ ಎಡಗೈ ತಟ್ಟುತ್ತ ಹಾಡಿಸಿದಳು. ಮೂರು ತಿಂಗಳಿಗೆ ಅಜ್ಜಿ ನೀರು ಕೇಳಿತು. ರಾಗ ಹಿಡಿದು ಮಾತು ಎಳೆಯುವ ಇಂಥದೇ ಚಿಕಿತ್ಸೆಯನ್ನು ನಿಮ್ಮ ಬಾಸ್ಟನ್ನಿನವರು 1973ರಲ್ಲೇ ಬರೆದಿಟ್ಟಿದ್ದಾರೆ ಎಂಬುದು ಅವಳಿಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಆ ತೊಂಬತ್ತು ದಿನದ ಗಂಟೆಗಳು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮೇಲ್ವಿಚಾರಕ ಮಾದಪ್ಪ ಏಳು ಬೆಟ್ಟದ ಮೇಲಿದ್ದಾನೆ, ಸಹಿ ಹಾಕುವ ಪೈಕಿ ಅಲ್ಲ.

ಮೂರನೆಯದನ್ನು ಬರೆಯಲು ನನ್ನ ಕೈ ಏಳುತ್ತಿಲ್ಲ.

ಇವಳ ತರಗತಿಯಲ್ಲೇ ಒಬ್ಬ ಹುಡುಗನಿದ್ದ. ಕೊನೆಯ ಸಾಲು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮಾತು ಮೊದ್ದು, ಅರ್ಧ ಅಕ್ಷರ ಗಂಟಲಲ್ಲೇ. ಮಾತು ಬರಲೆಂದು ಮನೆಯವರು ನಾಲಿಗೆಗೆ ಬಜೆ ತೇಯ್ದು ತಿಕ್ಕಿದ್ದರು. ಅವನಪ್ಪನೂ ತಡವಾಗಿಯೇ ಮಾತಾಡಿದ್ದ ಎಂದು ಸಮಾಧಾನ ಬೇರೆ. ನಾನು ಬಜೆಗಿಂತ ಖಾರವಾದದ್ದನ್ನು ಬಳಸಿದೆ. ಕೊಬ್ಬು ಅಂದೆ, ದಡ್ಡ ಅಂದೆ, ಹೊಡೆದೆ. ಐದನೆಯ ಕ್ಲಾಸಿಗೆ ಅವನು ಶಾಲೆ ಬಿಟ್ಟ.

ಇಂಟರ್ನ್‌ಶಿಪ್ಪಿನ ನಡುವೆ ಬಂದವಳು ಕೇಳಿದಳು: “ಮೇಷ್ಟ್ರೇ, ಅವನ ಕಿವಿಯ ಯಾರಾದ್ರೂ ನೋಡಿದ್ರಾ?” ಯಾರೂ ನೋಡಿರಲಿಲ್ಲ. ತಾನೇ ಮೈಸೂರಿಗೆ ಕರೆದುಕೊಂಡು ಹೋದಳು. ಎರಡೂ ಕಿವಿ ಮಂದ, ಎಳವೆಯಿಂದಲೇ ಇದ್ದಿರಬೇಕು ಅಂದರಂತೆ. ಮಷೀನು ಕೊಟ್ಟಿದ್ದಾರೆ. ಸದ್ದು ಬಂದಿದೆ, ಮಾತು ಬೆಳೆಯುವ ವಯಸ್ಸು ಮಾತ್ರ ಬಹಳ ಹಿಂದೆಯೇ ದಾಟಿಹೋಗಿದೆ. ಈಗ ಮಂಡಿಯಲ್ಲಿ ಹೂವಿನ ಮೂಟೆ ಹೊರುತ್ತಾನೆ.

“ನೀವು ಹೆಸರು ಕೂಗಿದಾಗೆಲ್ಲ ಅವನು ಎದ್ದು ನಿಲ್ತಿದ್ನಲ್ಲ, ಹೆಂಗೆ ಅಂದ್ಕೊಂಡ್ರಿ? ನಾನು ಹಿಂದಕ್ಕ ಕೈ ಹಾಕಿ ಚಿವುಟ್ತಿದ್ದೆ” ಅಂದಳು.

ಮಾನ್ಯರೇ, ನೀವು ಕೇಳಿದ ಉದ್ದೇಶ ಪತ್ರ ಇದೇ. ಏಳನೆಯ ವಯಸ್ಸಿನಲ್ಲಿ ಇವಳು ಒಬ್ಬನ ಕಿವಿಯಾಗಿದ್ದಳು. ಅದನ್ನೇ ಬರೆಯವ್ವ ಎಂದರೆ ಒಪ್ಪಲಿಲ್ಲ. “ಅದು ಅವನ ಕತೆ ಮೇಷ್ಟ್ರೇ, ನನ್ನ ಅರ್ಜಿಗ ಯಾಕ?” ಅಂದಳು. ನಾನು ಬರೆಯುತ್ತಿದ್ದೇನೆ, ಏಕೆಂದರೆ ಅದು ನನ್ನ ಕತೆಯೂ ಹೌದು. ದೋಷವಲ್ಲದ ‘ಆಲು’ವಿಗೆ ಹೊಡೆದೆ, ದೋಷವಿದ್ದ ಕಿವಿಗೂ ಹೊಡೆದೆ. ಎರಡನ್ನೂ ಬೇರೆ ಮಾಡಿ ಕೇಳಬಲ್ಲ ಒಬ್ಬರು ನಮ್ಮ ಶಾಲೆಯ ಹತ್ತಿರ ಸುಳಿದಿದ್ದರೆ ಸಾಕಾಗಿತ್ತು. ಅಂಥವಳನ್ನು ಈಗ ನಿಮಗೆ ಶಿಫಾರಸು ಮಾಡುತ್ತಿದ್ದೇನೆ. ಸೀಟು ಕೊಡಿ. ಎರಡು ವರ್ಷ ಅವಳು ನಿಮ್ಮವಳು. ಆಮೇಲೆ ನಮ್ಮ ಪಾಲು ನಮಗೆ ಬಿಟ್ಟುಕೊಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮೇಷ್ಟ್ರು, ಗುಂಡ್ಲುಪೇಟೆ.

ಪ್ರತಿ: ಬೆಂಗಳೂರಿನಲ್ಲಿ ಕೂತು ನಮ್ಮ ಆರೋಗ್ಯ ನೋಡಿಕೊಳ್ಳುವ ದೊರೆಗಳಿಗೆ, ಸೂಕ್ತ ಕ್ರಮಕ್ಕಾಗಿ.

ಮಕ್ಕಳ ಕಿವಿ, ಮಾತು, ಸೀಳುತುಟಿ ಎಲ್ಲ ಸೇರಿ 30 ಬಗೆಯ ತೊಂದರೆಗಳನ್ನು ಎಳವೆಯಲ್ಲೇ ಹುಡುಕಬೇಕೆಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಬಂತು. ಮೈಸೂರಿನ ಸಂಸ್ಥೆ ನಮ್ಮ ಜಿಲ್ಲೆಯ ಗುಂಬಳ್ಳಿಯವರೆಗೂ ಬಂದು ಹೊರಸೇವಾ ಕೇಂದ್ರ ತೆರೆಯಿತು. ಆದರೆ ಈ ಕಾರ್ಯಕ್ರಮದಡಿ ಇವಳಂಥವರಿಗೆ ನೀವು ಕೊಡುವ ಕೆಲಸ ಗುತ್ತಿಗೆಯದು. ವರ್ಷ ವರ್ಷ ನವೀಕರಣ. ಅಮೆರಿಕದ ಓದಿಗೆ ಮಾಡುವ ಸಾಲದ ಕಂತು ಮಾತ್ರ ಕಾಯಂ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಎಷ್ಟೋ ಮುಖ್ಯಮಂತ್ರಿಗಳು ಇತ್ತ ತಲೆ ಹಾಕಲಿಲ್ಲ. ನಮ್ಮ ಹುಡುಗಿಗೆ ಆ ಭಯವಿಲ್ಲ. ಅವಳ ಭಯ ಬೇರೆ: ವಾಪಸು ಬಂದರೆ ಇಲ್ಲಿ ಕುರ್ಚಿಯೇ ಇರುವುದಿಲ್ಲ. ಒಂದನ್ನು ಹಾಕಿಡಿ.